ಜೆರ್ಮಿನಿಯ ಪುಟ್ಟ ಇಗರ್ಜಿ

ಇಗರ್ಜಿ ಎಂಬ ನಮ್ಮ ಮಾತು ಎಲ್ಲಿಂದ ಬಂತೆಂಬುದು ನಿಮ್ಮಲ್ಲಿ ಕೆಲವರಿಗೆ ತಿಳಿದಿರಬಹುದು. ಪೋರ್ಚುಗೀಸರ ‘ಇಗ್ರೇಜ’ ಎಂಬ ಶಬ್ದವು ಹಡಗಿನೊಡನೆ ಕರಾವಳಿಗೆ ಬಂದಿಳಿದು, ಜನರ ನಾಲಗೆಯ ಮೇಲೆ ಹೊರಳಿ ಇಗರ್ಜಿಯಾಯಿತು. ಅದರ ತಾಯಿ ‘ಎಕ್ಲೇಸಿಯ’ ಎಂಬ ಲ್ಯಾಟಿನ್ ಪದ. ಅದೂ ಗ್ರೀಕರಿಂದ ಪಡೆದದ್ದೇ. ಸಭೆ ಎಂದು ಅದರ ಅರ್ಥ. ಫ್ರೆಂಚರು ಆಡುವ ‘ಎಗ್ಲೀಜ್’ ಕೂಡ ಆ ತಾಯಿಯ ಮಗಳೇ. ಆದ್ದರಿಂದ ಫ್ರಾನ್ಸ್ ದೇಶದ ಹಳ್ಳಿಯೊಂದರ ದೇವಮಂದಿರವನ್ನು ನಾನಿಲ್ಲಿ ಇಗರ್ಜಿಯೆಂದೇ ಕರೆದರೆ, ತಂಗಿಯನ್ನು ಅಕ್ಕನ ಹೆಸರಿನಿಂದ ಕೂಗಿದಂತಾದೀತೇ ಹೊರತು ಬೇರೇನೂ ಅಲ್ಲ.

ಫ್ರಾನ್ಸಿನ ಇಗರ್ಜಿಗಳೆಂದೊಡನೆ ಪ್ಯಾರಿಸಿನ ನೋತ್ರ್ ದಾಮ್, ಷಾರ್ತ್ರ್ ಮುಂತಾದ ಮುಗಿಲು ಮುಟ್ಟುವ ಮಂದಿರಗಳು ಕಣ್ಣೆದುರು ನಿಲ್ಲುತ್ತವೆ. ಜೆರ್ಮಿನಿಯದು ಅಂಥದಲ್ಲ. ಹೆಸರು ಕೇಳಿ ಜರ್ಮನಿ ದೇಶವೆಂದು ತಿಳಿಯಬೇಡಿ. ಜೆರ್ಮಿನಿ-ದೆ-ಪ್ರೆ, ಎಂದರೆ ಹುಲ್ಲುಗಾವಲಿನ ಜೆರ್ಮಿನಿ. ಫ್ರಾನ್ಸಿನ ನದಿಗಳಲ್ಲೆಲ್ಲ ಉದ್ದವಾದ ಲ್ವಾರ್ ನದಿಯ ಬಯಲಿನಲ್ಲಿ, ಓರ್ಲೆಯಾನ್ ಪಟ್ಟಣದಿಂದ ಮೂಡಲಿಗೆ ಸುಮಾರು ೩೦ ಕಿಲೋಮೀಟರು ದೂರದಲ್ಲಿರುವ ಹಳ್ಳಿ. ೧೪೨೯ರಲ್ಲಿ ಜೋನ್ ಆಫ್ ಆರ್ಕ್ ಎಂಬ ಹಳ್ಳಿಯ ಹುಡುಗಿ ಇಂಗ್ಲಿಷರ ಮುತ್ತಿಗೆಯನ್ನು ಮುರಿದಳಲ್ಲ, ಅದೇ ಓರ್ಲೆಯಾನ್. ಜೆರ್ಮಿನಿಯಿಂದ ಕೆಲವೇ ಕಿಲೋಮೀಟರು ನಡೆದರೆ ಸೇಂಟ್ ಬೆನ್ವಾ ಎಂಬ ಹೆಸರಾಂತ ಮಠವೂ, ಅದರ ಭಾರಿ ಇಗರ್ಜಿಯೂ ಇವೆ. ಯಾತ್ರಿಕರು ಹೆಚ್ಚಾಗಿ ಅದನ್ನು ನೋಡಲೆಂದು ಹೋಗುತ್ತಾರೆ. ಜೆರ್ಮಿನಿಯ ಪುಟ್ಟ ಕಟ್ಟಡವನ್ನು ದಾರಿಯಲ್ಲಿ ಇಣುಕಿ ನೋಡುತ್ತಾರೆ. ಆದರೆ ವಯಸ್ಸಿನಲ್ಲಿ ಜೆರ್ಮಿನಿಯೇ ಹಿರಿದು. ಅದರ ಹುಟ್ಟು ಕ್ರಿ.ಶ. ೮೦೦ರ ಆಚೀಚೆ. ನಮ್ಮ ನಾಡಿನಲ್ಲಿ ಆಗ ರಾಷ್ಟ್ರಕೂಟರ ಮೂರನೆಯ ಗೋವಿಂದನು ಆಳುತ್ತಿದ್ದನೆಂದರೆ ಕಾಲದ ಅಳತೆ ನಿಮಗೆ ಸಿಕ್ಕೀತು.

ಅದನ್ನು ಕಟ್ಟಿಸಿದವನ ಹೆಸರು ಥಿಯೋಡುಲ್ಫ್. ಓರ್ಲೆಯಾನಿನ ಬಿಷಪ್ಪನೂ ಹೌದು, ನಾನು ಹೇಳಿದ ಸೇಂಟ್ ಬೆನ್ವಾ ಮಠದ ಅಧಿಪತಿಯೂ ಹೌದು. ಹುಟ್ಟಿನಿಂದ ಫ್ರಾಂಕ್ ಜನಾಂಗದವನಲ್ಲ. ಸ್ಪೇನಿನ ಕಡೆಯ ಗಾಥ್ ಕುಲದವನು. ಅರಬರ ಆಳ್ವಿಕೆ ಅಲ್ಲಿ ನೆಲೆಗೊಂಡ ಮೇಲೆ ಉತ್ತರಕ್ಕೆ ಬಂದು, ಷಾರ್ಲ್‌ಮೇನ್ ಚಕ್ರವರ್ತಿಯ ಆಸ್ಥಾನವನ್ನು ಸೇರಿದ ವಲಸೆಗಾರ. ಪಂಡಿತ, ಕವಿ, ನ್ಯಾಯ ವಿಚಾರಣೆ ಮಾಡಿದವನು. ಗರಿಗಳ ಭಾನುವಾರದಂದು ಪಶ್ಚಿಮದ ಇಗರ್ಜಿಗಳಲ್ಲಿ ಇಂದಿಗೂ ಹಾಡುವ ಒಂದು ಲ್ಯಾಟಿನ್ ಸ್ತೋತ್ರ ಅವನದೇ. ತನ್ನ ಆಡಳಿತಕ್ಕೆ ಸೇರಿದ ಪಾದ್ರಿಗಳಿಗೆ ಅವನು ಹೊರಡಿಸಿದ ನಿಯಮಗಳಲ್ಲಿ ಒಂದು ಹೀಗಿದೆ: ಊರುಗಳಲ್ಲಿಯೂ ಹಳ್ಳಿಗಳಲ್ಲಿಯೂ ಪಾದ್ರಿಗಳು ಶಾಲೆ ನಡೆಸಬೇಕು, ಮಕ್ಕಳಿಂದ ಶುಲ್ಕ ಕೇಳಕೂಡದು, ತಂದೆತಾಯಿಗಳು ಪ್ರೀತಿಯಿಂದ ಕೊಟ್ಟಷ್ಟನ್ನು ಮಾತ್ರ ತೆಗೆದುಕೊಳ್ಳಬಹುದು. ಮೇಷ್ಟರ ಕಸುಬಿನವನಾದ ನನಗೆ ಈ ನಿಯಮದ ಮೊದಲರ್ಧ ಬಹಳ ಮೆಚ್ಚಿಗೆಯಾಯಿತು. ಉಳಿದರ್ಧದ ಮಾತನ್ನು ಅಂದಿನ ಪಾದ್ರಿಗಳನ್ನೇ ಕೇಳಬೇಕು.

ಇಂಥವನು ಜೆರ್ಮಿನಿಯಲ್ಲಿ ತನಗೊಂದು ಬಿಡಾರವನ್ನು ಕಟ್ಟಿಕೊಂಡು, ಅದರ ಮಗ್ಗುಲಲ್ಲಿ ಸ್ವಂತ ಪ್ರಾರ್ಥನೆಗೆಂದು ಈ ಮಂದಿರವನ್ನು ಎಬ್ಬಿಸಿದ. ಬಿಡಾರ ಮಣ್ಣುಗೂಡಿ ಹೋಗಿದೆ. ಮಂದಿರದ ಪ್ರತಿಷ್ಠೆ ನಡೆದದ್ದು ೮೦೬ರಲ್ಲಿ ಎಂದು ಒಳಗಿನ ಕಲ್ಬರಹವೊಂದು ಹೇಳುತ್ತದೆ. ಆದರೆ ಆ ಅಕ್ಷರಗಳು ಅಷ್ಟು ಹಳೆಯವಲ್ಲವೆಂದು ವಿದ್ವಾಂಸರ ಸಂದೇಹ. ಕೂಟಶಾಸನಗಳ ಕಾಟ ನಮಗೊಬ್ಬರಿಗೇ ಅಲ್ಲ ನೋಡಿ! ಬರಹ ಹೇಗೇ ಇರಲಿ, ಕಟ್ಟಡ ಥಿಯೋಡುಲ್ಫನದೆಂಬುದರಲ್ಲಿ ವಿವಾದವಿಲ್ಲ. ೧೦ನೆಯ ಶತಮಾನದ ಸಂನ್ಯಾಸಿಯೊಬ್ಬನು, ಚಕ್ರವರ್ತಿಯು ಆಖೆನ್ ನಗರದಲ್ಲಿ ಕಟ್ಟಿಸಿದ ಮಂದಿರಕ್ಕೆ ಸರಿದೊರೆಯಾಗಲೆಂದೇ ಥಿಯೋಡುಲ್ಫನು ಇದನ್ನು ಕಟ್ಟಿಸಿದನೆಂದು ಬರೆದಿಟ್ಟಿದ್ದಾನೆ.

ಇದರ ವಿನ್ಯಾಸವನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ, ಕಷ್ಟವಿಲ್ಲ. ಒಂದು ಚೌಕ. ಅದನ್ನು ಮಕ್ಕಳ ಆಟದ ಮನೆಯಂತೆ ಒಂಬತ್ತು ಮನೆಗಳಾಗಿ ಭಾಗಿಸಿ. ನಡುವಣ ಮನೆಯ ನಾಲ್ಕು ಮೂಲೆಗೆ ನಾಲ್ಕು ಚೌಕಗಂಬ. ಆ ಕಂಬಗಳ ಮೇಲೆ, ಸುತ್ತಣ ಮಾಡುಗಳಿಗಿಂತ ಎತ್ತರವಾಗಿ, ಕಿಟಕಿಗಳುಳ್ಳ ಚೌಕ ಗೋಪುರ. ಬೆಳಕು ಅದರಿಂದ ನಡುಮನೆಗೆ ಇಳಿಯಬೇಕು. ಇನ್ನು ಚೌಕದ ನಾಲ್ಕು ಪಕ್ಕದ ನಡುವೆ, ಗೋಡೆಯಿಂದ ಹೊರಕ್ಕೆ ಬಸಿರಿನಂತೆ ಉಬ್ಬಿದ ಒಂದೊಂದು ಕೋಷ್ಠ. ಅದರ ಮೇಲೆ ಅರ್ಧ ಗುಮ್ಮಟ. ಮೂಡಣ ಕೋಷ್ಠದ ಎಡಬಲಗಳಲ್ಲಿ ಇನ್ನೆರಡು ಚಿಕ್ಕ ಕೋಷ್ಠಗಳು. ಕೋಷ್ಠಗಳೂ ಕಮಾನುಗಳೂ ಶುದ್ಧ ಅರ್ಧವೃತ್ತಗಳಲ್ಲ; ಕುದುರೆಯ ಲಾಳದಂತೆ ತುದಿ ಒಳಬಾಗಿದವು. ಆ ಕಾಲದ ಫ್ರಾಂಕರು ಕಟ್ಟುತ್ತಿದ್ದ ಇಗರ್ಜಿಗಳು ಸಾಮಾನ್ಯವಾಗಿ ಉದ್ದನೆಯ ಹಜಾರದಂಥವು. ಇದು ಎಲ್ಲ ದಿಕ್ಕಿಗೂ ಮುಖ ಮಾಡಿ ತನ್ನ ನಡುವಿನ ಸುತ್ತಲೇ ನಿಂತ ಕಟ್ಟಡ. ಲಾಳದ ಕಮಾನು ಅರಬರು ಬರುವುದಕ್ಕಿಂತ ಮುಂಚೆಯೇ ಗಾಥರ ಸ್ಪೇನಿನಲ್ಲಿ ಇತ್ತು. ನಾಲ್ಕು ಕಂಬದ ಚೌಕಕ್ಕೆ ಹೋಲಿಕೆಯನ್ನು ವಿದ್ವಾಂಸರು ದೂರದ ಆರ್ಮೇನಿಯದವರೆಗೂ ಹುಡುಕಿದ್ದಾರೆ. ಹುಟ್ಟಿದ ನೆಲದ ನೆನಪನ್ನು ಥಿಯೋಡುಲ್ಫನು ಕಲ್ಲಿನಲ್ಲಿ ಇಟ್ಟನೆಂದು ನನಗೆ ತೋರುತ್ತದೆ. ವಲಸೆ ಬಂದವನು ಭಾಷೆಯನ್ನು ಬದಲಿಸಿಕೊಂಡರೂ ಹೊಸ್ತಿಲ ರೀತಿಯನ್ನು ಬೇಗ ಬದಲಿಸನು.

ಮೂಡಣ ಕೋಷ್ಠದ ಅರ್ಧ ಗುಮ್ಮಟವೇ ಜೆರ್ಮಿನಿಯ ಜೀವ. ಅಲ್ಲಿ ಮೊಸಾಯಿಕ್ ಕೆಲಸವಿದೆ. ನಮ್ಮ ಮನೆಗಳ ಮೊಸಾಯಿಕ್ ನೆಲವನ್ನು ಮರೆತುಬಿಡಿ. ಇದು ಬಣ್ಣಬಣ್ಣದ, ಹೊನ್ನಿನ, ಬೆಳ್ಳಿಯ ಹೊಳಪಿನ ಸಣ್ಣ ಗಾಜಿನ ಹರಳುಗಳನ್ನು ಹಸಿಗಾರೆಯಲ್ಲಿ ಒಂದೊಂದಾಗಿ ಒತ್ತಿ ಮಾಡಿದ ಚಿತ್ರ. ಷಾರ್ಲ್‌ಮೇನನ ಕಾಲದ ಇಂಥ ಕೆಲಸ ಫ್ರಾನ್ಸಿನಲ್ಲಿ ತನ್ನ ಸ್ಥಳದಲ್ಲೇ ಉಳಿದಿರುವುದು ಇದೊಂದೇ ಎನ್ನುತ್ತಾರೆ. ಅಂಥ ಜಾಗದಲ್ಲಿ ಕ್ರಿಸ್ತನದೋ ಮಾತೆ ಮರಿಯಳದೋ ಮೂರ್ತಿಯಿರಬೇಕೆಂದು ನೀವು ಎಣಿಸುವಿರಿ. ಎರಡೂ ಇಲ್ಲ. ನಡುವೆ ಒಂದು ಪೆಟ್ಟಿಗೆ. ಹಳೆಯ ಒಡಂಬಡಿಕೆಯಲ್ಲಿ ಹೇಳಿರುವ ಒಡಂಬಡಿಕೆಯ ಮಂಜೂಷ. ದೇವರು ಮೋಶೆಗೆ ಕೊಟ್ಟ ಧರ್ಮಶಾಸನದ ಕಲ್ಲುಹಲಗೆಗಳನ್ನು ಇಟ್ಟಿದ್ದ ಪೆಟ್ಟಿಗೆ ಅದು. ಅದರ ಮೇಲೆ ಎರಡು ಸಣ್ಣ ಕೆರೂಬಿ ದೂತರು. ಎಡಬಲಗಳಲ್ಲಿ ದೊಡ್ಡ ರೆಕ್ಕೆಯ ಇಬ್ಬರು ದೂತರು ಬಾಗಿ ನಿಂತು ಕೆಳಕ್ಕೆ ಕೈ ತೋರುತ್ತಿದ್ದಾರೆ. ಅವರ ತಲೆಗಳ ನಡುವೆ ಆಕಾಶದಿಂದ ಒಂದು ಕೈ ಮಾತ್ರ ಇಳಿದಿದೆ. ಅದು ದೇವರ ಕೈ. ಸಣ್ಣವರಿಬ್ಬರು ಮೋಶೆಯ ಕಾಲದವರು. ದೊಡ್ಡವರಿಬ್ಬರು ಸೊಲೊಮೋನನು ತನ್ನ ದೇವಾಲಯದ ಗರ್ಭಗೃಹದಲ್ಲಿ ಬೇರೆಯಾಗಿ ನಿಲ್ಲಿಸಿದವರು. ಕೆಳಗೆ ಲ್ಯಾಟಿನ್ ಪದ್ಯ: ಇದನ್ನು ನೋಡುವ ನೀನು ಪ್ರಾರ್ಥಿಸು, ಪ್ರಾರ್ಥನೆಯಲ್ಲಿ ಥಿಯೋಡುಲ್ಫನನ್ನೂ ಸೇರಿಸಿಕೋ ಎಂಬುದು ಅದರ ಭಾವ.

ಮೂರ್ತಿಯ ಸ್ಥಾನದಲ್ಲಿ ಪೆಟ್ಟಿಗೆ ಏಕೆ? ಇದರ ಹಿಂದೆ ಭಾಷಾಂತರದ ಒಂದು ಕಥೆಯಿದೆ. ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಗಳು ೮ನೆಯ ಶತಮಾನದಲ್ಲಿ ದೈವಚಿತ್ರಗಳ ಪೂಜೆಯನ್ನು ನಿಷೇಧಿಸಿ, ಚಿತ್ರಗಳನ್ನು ಒಡೆಯಿಸಿದರು. ೭೮೭ರಲ್ಲಿ ನಿಸಿಯದಲ್ಲಿ ಸೇರಿದ ಧರ್ಮಸಭೆಯು ನಿಷೇಧವನ್ನು ತೆಗೆದುಹಾಕಿತು. ಆ ಸಭೆಯವರು ಗ್ರೀಕ್ ಭಾಷೆಯಲ್ಲಿ ಎರಡು ಬೇರೆ ಬೇರೆ ಶಬ್ದಗಳನ್ನು ಬಳಸಿದ್ದರು: ದೇವರೊಬ್ಬನಿಗೇ ಸಲ್ಲುವ ಆರಾಧನೆಗೆ ಒಂದು, ಚಿತ್ರಕ್ಕೆ ಬಾಗಿ ತೋರುವ ಗೌರವಕ್ಕೆ ಇನ್ನೊಂದು. ನಮ್ಮಲ್ಲಿ ದೇವರ ಆರಾಧನೆಗೂ ಹಿರಿಯರಿಗೆ ಮಾಡುವ ನಮಸ್ಕಾರಕ್ಕೂ ಇರುವ ಅಂತರದಂತೆ ಎನ್ನಿ. ಷಾರ್ಲ್‌ಮೇನನ ಆಸ್ಥಾನಕ್ಕೆ ಬಂದ ಲ್ಯಾಟಿನ್ ಭಾಷಾಂತರದಲ್ಲಿ ಈ ಅಂತರ ಅಳಿಸಿಹೋಗಿತ್ತು. ಓದಿದವರಿಗೆ, ಗ್ರೀಕರು ಚಿತ್ರಗಳನ್ನು ದೇವರಂತೆಯೇ ಆರಾಧಿಸಿರೆಂದು ವಿಧಿಸಿದ್ದಾರೆ ಎಂದು ಕಂಡಿತು. ಆಸ್ಥಾನ ಕೆರಳಿತು. ಉತ್ತರವಾಗಿ ಚಕ್ರವರ್ತಿಯ ಹೆಸರಿನಲ್ಲಿ ದೊಡ್ಡದೊಂದು ಗ್ರಂಥ ಸಿದ್ಧವಾಯಿತು. ಚಿತ್ರಗಳನ್ನು ಒಡೆಯಲೂ ಬೇಡ, ಪೂಜಿಸಲೂ ಬೇಡ. ಅವು ಅಲಂಕಾರಕ್ಕೂ ನೆನಪಿಗೂ ಇರಲಿ. ಆದರೆ ಮಂಜೂಷವು ಮನುಷ್ಯನ ಕಲ್ಪನೆಯಲ್ಲ, ದೇವರ ಆಜ್ಞೆಯಿಂದಾದದ್ದು—ಇದು ಆ ಗ್ರಂಥದ ವಾದದ ಎಳೆ. ಪೋಪರು ನಿಸಿಯದ ಸಭೆಯ ಪರವಾಗಿದ್ದುದರಿಂದ ಗ್ರಂಥ ಬೆಳಕಿಗೆ ಬಾರದೆ ಅರಮನೆಯಲ್ಲೇ ಉಳಿಯಿತು.

ಬರೆದವನು ಯಾರು ಎಂಬುದು ಬಹುಕಾಲ ಚರ್ಚೆಯಲ್ಲಿತ್ತು. ೧೯೫೭ರಲ್ಲಿ ಆನ್ ಫ್ರೀಮನ್ ಎಂಬ ವಿದುಷಿ ಥಿಯೋಡುಲ್ಫನ ಪರವಾಗಿ ಬಲವಾದ ಪ್ರಮಾಣಗಳನ್ನು ಮುಂದಿಟ್ಟರು. ಯಾವ ಪ್ರಮಾಣ ಗೊತ್ತೆ? ಕಾಗುಣಿತ! ಹಸ್ತಪ್ರತಿಯಲ್ಲಿ ಸ್ಪೇನಿನವರ ಕಾಗುಣಿತದ ರೂಢಿಗಳಿದ್ದವು. ಉದ್ಧರಿಸಿದ ಬೈಬಲ್ ವಾಕ್ಯಗಳೂ ಸ್ಪೇನಿನ ಪೂಜಾವಿಧಿಗಳಲ್ಲಿ ಬಳಸುವ ಪಾಠದವಾಗಿದ್ದವು. ಕಾಗುಣಿತವನ್ನು ತಿದ್ದುವಾಗ ಗೊಣಗುವ ಹುಡುಗರಿಗೆ ಇದನ್ನು ಹೇಳಬೇಕು. ಗ್ರಂಥವು ಥಿಯೋಡುಲ್ಫನದೆಂದು ಗೊತ್ತಾದ ಮೇಲೆ ಜೆರ್ಮಿನಿಯ ಪೆಟ್ಟಿಗೆಯ ಅರ್ಥವೂ ತೆರೆಯಿತು. ಅರಮನೆಯಲ್ಲೇ ಉಳಿದ ವಾದವನ್ನು ಅವನು ತನ್ನ ಮನೆಯ ಮಂದಿರದಲ್ಲಿ ಗಾಜಿನ ಹರಳುಗಳಿಂದ ಬರೆದಿದ್ದ.

ಅವನು ಅದನ್ನು ನೋಡಿ ಸುಖಿಸಿದ ಕಾಲ ಬಹಳವಲ್ಲ. ೮೧೪ರಲ್ಲಿ ಷಾರ್ಲ್‌ಮೇನ್ ತೀರಿಕೊಂಡ. ಮಗ ಲೂಯಿಯ ಕಾಲದಲ್ಲಿ ಒಂದು ಒಳಸಂಚು ಬಯಲಾಗಿ, ಅದರಲ್ಲಿ ಥಿಯೋಡುಲ್ಫನೂ ಸೇರಿದ್ದಾನೆಂದು ಆರೋಪ ಬಂತು. ೮೧೮ರಲ್ಲಿ ಪದವಿ ಹೋಯಿತು. ಆಂಝೆ ಪಟ್ಟಣದ ಮಠದಲ್ಲಿ ಸೆರೆ. ತಾನು ನಿರಪರಾಧಿಯೆಂದು ಅವನು ಕಡೆತನಕ ಹೇಳಿಕೊಂಡ. ಎರಡು ಮೂರು ವರ್ಷಗಳಲ್ಲಿ ತೀರಿಕೊಂಡ. ಅದೇ ಶತಮಾನದಲ್ಲಿ ಮಂದಿರಕ್ಕೆ ಬೆಂಕಿಯೂ ಬಿತ್ತು. ಅನಂತರದ್ದು ಸಾಮಾನ್ಯ ಹಳ್ಳಿ ಇಗರ್ಜಿಯ ಬಾಳು. ಒಬ್ಬ ಪಂಡಿತನ ಪ್ರಾರ್ಥನೆಗೆ ಸಾಕಾಗಿದ್ದ ಜಾಗ ಊರ ಜನಕ್ಕೆ ಸಾಲದೆ, ೧೫-೧೬ನೆಯ ಶತಮಾನಗಳಲ್ಲಿ ಪಡುವಣ ಕೋಷ್ಠವನ್ನು ಕೆಡವಿ ಆ ಕಡೆಗೆ ಉದ್ದನೆಯ ಹಜಾರವನ್ನು ಜೋಡಿಸಿದರು. ಎಲ್ಲ ದಿಕ್ಕಿಗೂ ಸಮನಾಗಿ ನಿಂತಿದ್ದ ಕಟ್ಟಡಕ್ಕೆ ಮುಂದೆ ಹಿಂದೆ ಎಂಬುದು ಬಂತು. ಕಲಾರಸಿಕರು ಇದಕ್ಕಾಗಿ ಆ ಹಳ್ಳಿಗರನ್ನು ಜರೆಯುವುದುಂಟು. ನಾನು ಜರೆಯಲಾರೆ. ಮಳೆಯಲ್ಲಿ ಹೊರಗೆ ನಿಂತು ಪ್ರಾರ್ಥನೆ ಕೇಳುವವರಿಗೆ ಮಾಡು ಬೇಕಷ್ಟೆ. ಹೊನ್ನಿನ ಹರಳಿನ ಗುಮ್ಮಟಕ್ಕೆ ಅವರು ಸುಣ್ಣಗಾರೆಯನ್ನೂ ಬಳಿದಿದ್ದರು. ಅಜ್ಞಾನವೆನ್ನಿ; ಆದರೆ ಚಿತ್ರವನ್ನು ಶತಮಾನಗಳ ಕಾಲ ಹೊಗೆಯಿಂದಲೂ ಕಣ್ಣಿನಿಂದಲೂ ಕಾಪಾಡಿದ್ದು ಆ ಸುಣ್ಣವೇ.

೧೯ನೆಯ ಶತಮಾನದ ಮೊದಲ ಭಾಗದಲ್ಲಿ ಗಾರೆ ಅಲ್ಲಲ್ಲಿ ಉದುರಿತು. ಹಳ್ಳಿಯ ಮಕ್ಕಳು ಬಣ್ಣದ ಗಾಜಿನ ಹರಳುಗಳನ್ನು ಹಿಡಿದು ಆಡುತ್ತಿದ್ದುದನ್ನು ಕಂಡು ತಿಳಿದವರು ಬೆನ್ನು ಹತ್ತಿದರೆಂದು ಕಥೆ ಹೇಳುತ್ತಾರೆ. ಫ್ರಾನ್ಸ್ ಸರ್ಕಾರವು ಆಗ ತಾನೇ ಪ್ರಾಚೀನ ಸ್ಮಾರಕಗಳ ರಕ್ಷಣೆಯನ್ನು ಕೈಗೆತ್ತಿಕೊಂಡಿತ್ತು; ಕಾರ್ಮೆನ್ ಕಥೆಯನ್ನು ಬರೆದ ಪ್ರೊಸ್ಪೆರ್ ಮೆರಿಮೆ ೧೮೩೪ರಿಂದ ಅದರ ಮಹಾಪರೀಕ್ಷಕನಾಗಿದ್ದ. ೧೮೪೦ರಲ್ಲಿ ಮೊದಲ ಪಟ್ಟಿ ತಯಾರಾದಾಗ ಜೆರ್ಮಿನಿ ಅದರಲ್ಲಿ ಸೇರಿತು. ಮುಂದಿನ ವರ್ಷಗಳಲ್ಲಿ ಮೊಸಾಯಿಕ್ಕಿನ ಬಿಟ್ಟುಹೋದ ಭಾಗಗಳನ್ನು ಹೊಸ ಹರಳುಗಳಿಂದ ತುಂಬಿದರು. ಕಟ್ಟಡ ಮಾತ್ರ ಬಿರುಕು ಬಿಟ್ಟು ಬೀಳುವಂತಿತ್ತು.

ಇಲ್ಲಿಂದ ಮುಂದಿನದು ಕೇಳಿ. ೧೮೬೭ರಲ್ಲಿ ಜ್ಯೂಸ್ತ್ ಲಿಶ್ ಎಂಬ ವಾಸ್ತುಶಿಲ್ಪಿ ದುರಸ್ತಿಗೆ ಬಂದ. ಅಸಮರ್ಥನಲ್ಲ, ಮುಂದೆ ಪ್ಯಾರಿಸಿನ ಸೇಂಟ್ ಲಜಾರ್ ರೈಲು ನಿಲ್ದಾಣವನ್ನು ವಿಸ್ತರಿಸಿ ಕಟ್ಟಿದವನು ಅವನೇ. ೧೮೭೬ರಲ್ಲಿ ಅವನು ಕೆಲಸ ಮುಗಿಸಿ ಹೊರಟಾಗ ಜೆರ್ಮಿನಿಯಲ್ಲಿ ಅಚ್ಚುಕಟ್ಟಾದ, ಎಲ್ಲೂ ಬಿರುಕಿಲ್ಲದ ಇಗರ್ಜಿ ನಿಂತಿತ್ತು. ಅದರಲ್ಲಿ ಹಳೆಯದು ಎಷ್ಟು? ಮೊಸಾಯಿಕ್ ಇದ್ದ ಮೂಡಣ ಕೋಷ್ಠವನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವನ್ನೂ ಕೆಡವಿ, ಹೊಸ ಕಲ್ಲಿನಿಂದ ಮತ್ತೆ ಕಟ್ಟಿದ್ದ. ಗೋಡೆ ಹೊಸದು, ಗೋಪುರ ಹೊಸದು, ಕಮಾನು ಹೊಸದು. ಮೂಡಣ ಕೋಷ್ಠದ ಎಡಬಲದ ಚಿಕ್ಕ ಕೋಷ್ಠಗಳೆರಡೂ ಮತ್ತೆ ಮೇಲೇಳಲೇ ಇಲ್ಲ. ಗೋಪುರದ ಒಳಮೈಯನ್ನೂ ಕಿಟಕಿಗಳನ್ನೂ ಅಲಂಕರಿಸಿದ್ದ ಗಚ್ಚಿನ ಕುಸುರಿ ಗೋಡೆಗಳೊಡನೆ ಇಳಿಯಿತು. ಇಂದು ಒಳಗೆ ಕಾಲಿಟ್ಟವರಿಗೆ ಬರಿಯ ಕಲ್ಲಿನ ಗಂಭೀರ ಗೋಡೆಗಳು ಕಾಣುತ್ತವೆ. ಆಹಾ, ಹಿಂದಿನವರ ಸರಳತೆ ಎಷ್ಟು ಎಂದು ಅವರು ತಲೆದೂಗುತ್ತಾರೆ. ಥಿಯೋಡುಲ್ಫನ ಮಂದಿರ ಸರಳವಾಗಿರಲಿಲ್ಲ. ಗೋಡೆಯಲ್ಲಿ ಕುಸುರಿ, ನೆಲದಲ್ಲಿ ಅಮೃತಶಿಲೆ, ಗೋಪುರದಲ್ಲಿ ಬೆಳ್ಳಿಯ ಅಕ್ಷರ. ಕಣ್ಣು ಕೋರೈಸುವ ಕಟ್ಟಡ ಅದು. ಈ ಸರಳತೆ ಲಿಶ್ ಮಹಾಶಯನ ಕೊಡುಗೆ.

ಅವನನ್ನು ಖಳನೆನ್ನುವುದು ಸುಲಭ. ಆದರೆ ಅವನ ಕಾಲದ ಶಾಸ್ತ್ರವೇ ಹಾಗಿತ್ತು. ಆ ಶಾಸ್ತ್ರದ ಆಚಾರ್ಯನಾದ ವಿಯೊಲೆ-ಲ-ದ್ಯುಕ್, ಜೀರ್ಣೋದ್ಧಾರವೆಂದರೆ ಬರಿಯ ತೇಪೆಯಲ್ಲ, ಕಟ್ಟಡವನ್ನು ಅದರ ಪೂರ್ಣ ಸ್ಥಿತಿಗೆ ತರುವುದು, ಅಂಥ ಪೂರ್ಣ ಸ್ಥಿತಿ ಹಿಂದೆ ಎಂದೂ ಇದ್ದಿರದಿದ್ದರೂ ಸರಿ ಎಂಬರ್ಥದ ಮಾತನ್ನು ಬರೆದಿದ್ದಾನೆ. ಇಂಗ್ಲೆಂಡಿನ ಜಾನ್ ರಸ್ಕಿನ್ ೧೮೪೯ರಷ್ಟು ಹಿಂದೆಯೇ ಇಂಥ ಉದ್ಧಾರವೆಲ್ಲ ಸುಳ್ಳೆಂದು ಸಾರಿದ್ದ. ಲಿಶ್ ಕೆಲಸ ಮುಗಿಸಿದ ಮರುವರ್ಷ, ೧೮೭೭ರಲ್ಲಿ, ವಿಲಿಯಂ ಮಾರಿಸ್ ಲಂಡನಿನಲ್ಲಿ ಹಳೆಯ ಕಟ್ಟಡಗಳನ್ನು ಉದ್ಧಾರಕರಿಂದ ಕಾಪಾಡುವುದಕ್ಕೇ ಒಂದು ಸಂಘವನ್ನು ಕಟ್ಟಿದ. ಇವರ ಮಾತು ಲೋಕಮಾನ್ಯವಾಗಲು ಬಹಳ ಕಾಲ ಹಿಡಿಯಿತು. ೧೯೬೪ರಲ್ಲಿ ವೆನಿಸಿನಲ್ಲಿ ಸೇರಿದ ತಜ್ಞರು ಒಪ್ಪಿದ ಸನ್ನದಿನಲ್ಲಿ, ಊಹೆ ಆರಂಭವಾದಲ್ಲಿ ಉದ್ಧಾರದ ಕೆಲಸ ನಿಲ್ಲಬೇಕು, ಹೊಸದಾಗಿ ತುಂಬಿದ ಭಾಗ ಹಳೆಯದರಿಂದ ಬೇರೆಯಾಗಿ ಗುರುತಿಗೆ ಸಿಗಬೇಕು ಎಂಬ ನಿಯಮಗಳು ಬಂದುವು.

ಓಲೆಗರಿಯ ಗ್ರಂಥಗಳಲ್ಲಿ ಕೈಯಾಡಿಸಿದವರಿಗೆ ಈ ನಿಯಮ ಹೊಸದಾಗಿ ಕಾಣದು. ಹುಳು ತಿಂದ ಜಾಗ ಬಂದಾಗ ಅಲ್ಲಿ ಅಕ್ಷರ ಬಿಟ್ಟು ಮುಂದೆ ಬರೆಯುವ ಲಿಪಿಕಾರ ಒಬ್ಬ. ಛಂದಸ್ಸಿಗೆ ಹೊಂದುವ ಪದವೊಂದನ್ನು ತಾನೇ ಹೊಸೆದು ತುಂಬುವ ಲಿಪಿಕಾರ ಇನ್ನೊಬ್ಬ. ಎರಡನೆಯವನ ಪ್ರತಿ ಓದಲು ಸುಖ. ಎಲ್ಲೂ ಕಾಲು ಎಡವದು. ಅವನು ಕವಿಗಿಂತ ಜಾಣನೂ ಇದ್ದಾನು. ಆದರೆ ನೂರು ವರ್ಷಗಳ ಮೇಲೆ ಅದನ್ನು ಸಂಪಾದಿಸಲು ಕುಳಿತವನಿಗೆ ಕವಿಯ ಮಾತು ಯಾವುದು, ಇವನ ಮಾತು ಯಾವುದೆಂದು ತಿಳಿಯುವುದೇ ಇಲ್ಲ. ಮೂಲದ ಓಲೆಯನ್ನು ಇವನು ಹೊಳೆಗೆ ಬಿಟ್ಟಿದ್ದರಂತೂ ಕಥೆ ಮುಗಿದ ಹಾಗೆಯೇ. ಲಿಶ್ ಈ ಎರಡನೆಯ ಜಾತಿಯವನು. ಅವನ ಪರವಾಗಿ ಹೇಳಬೇಕಾದ ಮಾತೂ ಒಂದಿದೆ. ಗೋಡೆಗಳು ಬೀಳುವ ಹಾಗಿದ್ದುವು ಎಂದೆನಲ್ಲ. ಬಿದ್ದಿದ್ದರೆ ಮೂಡಣ ಕೋಷ್ಠವೂ, ಅದರೊಡನೆ ಮಂಜೂಷವೂ ದೇವದೂತರೂ ಪುಡಿಯಾಗಿ ಹೋಗುತ್ತಿದ್ದರು. ತೇಪೆ ಹಾಕಿ ನಿಲ್ಲಿಸಲು ಬರುತ್ತಿತ್ತೆ, ಕೆಡವುವುದು ಅನಿವಾರ್ಯವಾಗಿತ್ತೆ ಎಂಬುದನ್ನು ಇಷ್ಟು ದೂರದಿಂದ ತೀರ್ಮಾನಿಸುವುದು ನ್ಯಾಯವಲ್ಲ. ಆದರೆ ಆ ಚಿಕ್ಕ ಕೋಷ್ಠಗಳೆರಡನ್ನು ಬಿಡಬಾರದಿತ್ತು. ಅವು ಇದ್ದುವೆಂಬುದಕ್ಕೆ ಇಂದು ಹಳೆಯ ನಕ್ಷೆಗಳೇ ಆಧಾರ. ಕಟ್ಟಡವನ್ನು ನೋಡಿದವರಿಗೆ ಅವುಗಳ ಸುಳಿವು ಹತ್ತದು.

ಈ ಇಗರ್ಜಿಯನ್ನು ನಾನು ಬಲ್ಲುದು ನಕ್ಷೆ, ಚಿತ್ರ, ಪುಸ್ತಕಗಳ ಮೂಲಕ. ನಿಮ್ಮ ಮನೆಯ ಮಕ್ಕಳೋ ಮೊಮ್ಮಕ್ಕಳೋ ಓದಿಗೆ, ಉದ್ಯೋಗಕ್ಕೆ ಆ ದೇಶಕ್ಕೆ ಹೋಗಿದ್ದರೆ, ಬಿಡುವಿನ ದಿನ ಓರ್ಲೆಯಾನಿನ ಕಡೆ ಹೋಗಿಬರಲು ಹೇಳಿ. ಪಡುವಣ ಹಜಾರದ ಬಾಗಿಲಿಂದ ಒಳಹೊಕ್ಕು ನಡುವಣ ನಾಲ್ಕು ಕಂಬಗಳವರೆಗೆ ಹೋಗಬೇಕು. ಅಲ್ಲಿ ನಿಂತು ಮೇಲೆ ಗೋಪುರವನ್ನು ನೋಡುವಾಗ, ಇದು ಲಿಶ್ ಬರೆದ ಪ್ರತಿ ಎಂಬುದು ನೆನಪಿರಲಿ. ಆಮೇಲೆ ಮೂಡಣಕ್ಕೆ ತಿರುಗಿ, ಆ ಹೊನ್ನಿನ ನೆಲದ ಮೇಲೆ ಬಾಗಿ ನಿಂತ ದೂತರ ಕೈಗಳನ್ನು ನೋಡಬೇಕು. ಅಲ್ಲಿಯೂ ಕೆಲವು ಹರಳು ೧೯ನೆಯ ಶತಮಾನದವು. ಉಳಿದವು ಥಿಯೋಡುಲ್ಫನು ಕಂಡವೇ. ಗಚ್ಚಿನ ಕುಸುರಿಯನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಅದರ ಉಳಿದ ಚೂರುಗಳನ್ನು ನೋಡಬೇಕಾದರೆ ಓರ್ಲೆಯಾನಿಗೇ ಹಿಂದಿರುಗಿ, ಆ ಪಟ್ಟಣದ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಕೇಳಬೇಕು.